ಸ್ಕ್ಯಾನ್ ವರದಿಯಲ್ಲಿ "ಪಿಸಿಒಡಿ" ಎಂದು ಬಂದರೆ ಸಾಕೇ? ಪಿಸಿಒಎಸ್ ನಿರ್ಣಯದ ಮಾನದಂಡಗಳ ಚರ್ಚೆ

ತಿಳಿನೀರು:
ಉದಾಹರಣೆಗೆ ಒಂದು ವರದಿ ಇಡುತ್ತೇನೆ. ವಯಸ್ಸು 26. ಮುಟ್ಟು 29ರಿಂದ 32 ದಿನಕ್ಕೊಮ್ಮೆ ತಪ್ಪದೆ ಆಗುತ್ತದೆ. ಮುಖದಲ್ಲಿ ಒರಟು ಕೂದಲಿಲ್ಲ, ಮೊಡವೆಯೂ ಇಲ್ಲ. ಬೇರೆ ಯಾವುದೋ ಕಾರಣಕ್ಕೆ ಹೊಟ್ಟೆಯ ಮೇಲಿಂದ ಸ್ಕ್ಯಾನ್ ಮಾಡಿದಾಗ "ಎರಡೂ ಅಂಡಾಶಯಗಳಲ್ಲಿ ಪಿಸಿಒಡಿ" ಎಂದು ಬರೆದಿದ್ದಾರೆ. ಬಲ ಅಂಡಾಶಯ 11 ಮಿ.ಲೀ., ಎಡದ್ದು 9 ಮಿ.ಲೀ. ಕೋಶಕಗಳನ್ನು (ಅಂಡ ಬೆಳೆಯುವ ಪುಟ್ಟ ಚೀಲಗಳು, ಫಾಲಿಕಲ್) ಎಣಿಸಿಲ್ಲ. ಇದನ್ನು ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಅನ್ನಬಹುದೇ? ಅನ್ನುವುದಾದರೆ ಯಾವ ಮಾನದಂಡದ ಮೇಲೆ?

ಋತುಮಾನ:
ಇಷ್ಟರಿಂದಲೇ ಅನ್ನಲಾಗದು. ಈಗ ಬಳಕೆಯಲ್ಲಿರುವುದು 2003ರ ರಾಟರ್‌ಡ್ಯಾಮ್ ಮಾನದಂಡ ಮತ್ತು ಅದರ ಮೇಲೆ ಕಟ್ಟಿದ 2018, 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಗಳು. ವಯಸ್ಕರಲ್ಲಿ ಮೂರರಲ್ಲಿ ಎರಡು ಇರಬೇಕು. ಮೊದಲನೆಯದು ಅಂಡೋತ್ಪತ್ತಿಯ ಏರುಪೇರು. ಎರಡನೆಯದು ಪುರುಷ ಹಾರ್ಮೋನ್ (ಟೆಸ್ಟೋಸ್ಟಿರಾನ್‌ನಂಥ ಆಂಡ್ರೊಜನ್) ಹೆಚ್ಚಳ, ಅದು ಮೈಮೇಲೆ ಕಾಣಬಹುದು ಅಥವಾ ರಕ್ತದಲ್ಲಿ ಸಿಗಬಹುದು. ಮೂರನೆಯದು ಸ್ಕ್ಯಾನ್‌ನಲ್ಲಿ ಪಾಲಿಸಿಸ್ಟಿಕ್ ರೂಪದ ಅಂಡಾಶಯ. 2023ರಿಂದ ಅದರ ಬದಲಿಗೆ ರಕ್ತದ ಎಎಂಎಚ್ (ಅಂಡಾಶಯದ ಚಿಕ್ಕ ಕೋಶಕಗಳಿಂದ ಬರುವ ಹಾರ್ಮೋನ್) ಮಟ್ಟವನ್ನೂ ಪರಿಗಣಿಸಬಹುದು. ಎರಡು ಸಿಕ್ಕ ಮೇಲೂ ಇದೇ ಲಕ್ಷಣ ಕೊಡುವ ಬೇರೆ ಕಾಯಿಲೆಗಳು ಇಲ್ಲವೆಂದು ಖಚಿತ ಮಾಡಿಕೊಳ್ಳಬೇಕು.

ನಿಮ್ಮ ಉದಾಹರಣೆಯಲ್ಲಿ ಇರುವುದು ಹೆಚ್ಚೆಂದರೆ ಒಂದು. ಆರೋಗ್ಯವಂತ ಯುವತಿಯರ ಅಂಡಾಶಯ ಹೀಗೆ ಕಾಣುವುದು ಅಪರೂಪವೇನಲ್ಲ.

ಹಳೆಯ ಓದಿನಿಂದ ಗೊಂದಲವಾಗದಿರಲೆಂದು ಇದನ್ನೂ ಹೇಳುತ್ತೇನೆ. ವೈದ್ಯರಾದ ಸ್ಟೀನ್ ಮತ್ತು ಲೆವೆಂಥಾಲ್ ಇದನ್ನು ವಿವರಿಸಿದ್ದು 1935ರಲ್ಲಿ. 1990ರ ಎನ್‌ಐಎಚ್ (ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ) ಮಾನದಂಡಕ್ಕೆ ಸ್ಕ್ಯಾನ್ ಬೇಕೇ ಇರಲಿಲ್ಲ. ಪುರುಷ ಹಾರ್ಮೋನ್ ಹೆಚ್ಚಳ ಮತ್ತು ಅಂಡೋತ್ಪತ್ತಿಯ ಕೊರತೆ ಎರಡೂ ಇರಬೇಕಿತ್ತು. 2006ರಲ್ಲಿ ಆಂಡ್ರೊಜನ್ ಎಕ್ಸೆಸ್ ಸೊಸೈಟಿ, ಪುರುಷ ಹಾರ್ಮೋನ್ ಹೆಚ್ಚಳ ಕಡ್ಡಾಯ, ಅದರ ಜೊತೆಗೆ ಉಳಿದೆರಡರಲ್ಲಿ ಒಂದಾದರೂ ಇರಬೇಕು ಎಂದಿತು. ಹಾಗಾಗಿ ಒಬ್ಬಳೇ ಮಹಿಳೆ ಒಂದು ಮಾನದಂಡದ ಪ್ರಕಾರ ಒಳಗೆ, ಇನ್ನೊಂದರ ಪ್ರಕಾರ ಹೊರಗೆ ಇರುವುದು ಸಾಧ್ಯ.

ಸ್ಕ್ಯಾನ್‌ಕೋಣೆ:
ಆ 11 ಮಿ.ಲೀ. ಬಗ್ಗೆ ಒಂದು ಪ್ರಶ್ನೆ. ಮುಟ್ಟಿನ ಎಷ್ಟನೇ ದಿನ ಸ್ಕ್ಯಾನ್ ಆಯಿತು? ಬಲ ಅಂಡಾಶಯದಲ್ಲಿ ದೊಡ್ಡ ಕೋಶಕವೇನಾದರೂ ಇತ್ತೇ?

ತಿಳಿನೀರು:
13ನೇ ದಿನ. "ಬಲಭಾಗದಲ್ಲಿ 18 ಮಿ.ಮೀ. ಕೋಶಕ" ಎಂಬ ಸಾಲೂ ಇದೆ.

ಸ್ಕ್ಯಾನ್‌ಕೋಣೆ:
ಹಾಗಾದರೆ ಆ ಅಳತೆ ಲೆಕ್ಕಕ್ಕೇ ಬರುವುದಿಲ್ಲ. 18 ಮಿ.ಮೀ. ಅಡ್ಡಳತೆಯ ಗೋಲದ ಗಾತ್ರ ಸುಮಾರು 3 ಮಿ.ಲೀ. ಅದನ್ನು ಕಳೆದರೆ ಉಳಿಯುವುದು 8, ಅಂದರೆ 10 ಮಿ.ಲೀ. ಮಿತಿಗಿಂತ ಕಡಿಮೆ. ಅದು ಆ ತಿಂಗಳ ಅಂಡೋತ್ಪತ್ತಿಗೆ ಸಜ್ಜಾಗುತ್ತಿದ್ದ ಅಂಡಾಶಯ. 10 ಮಿ.ಮೀ. ದಾಟಿದ ಪ್ರಧಾನ ಕೋಶಕವೋ ಅಂಡ ಬಿಡುಗಡೆಯಾದ ಮೇಲೆ ಉಳಿಯುವ ಕಾರ್ಪಸ್ ಲೂಟಿಯಮ್ಮೋ ಕಂಡರೆ, ಮುಂದಿನ ಚಕ್ರದ ಆರಂಭದ ದಿನಗಳಲ್ಲಿ ಮತ್ತೆ ಅಳೆಯಬೇಕು.

ಇನ್ನು ಎಣಿಕೆ. 2003ರಲ್ಲಿ 2ರಿಂದ 9 ಮಿ.ಮೀ.ನ 12 ಕೋಶಕಗಳಿದ್ದರೆ ಸಾಕಿತ್ತು. ಯಂತ್ರಗಳು ಸುಧಾರಿಸಿ ಚಿಕ್ಕ ಕೋಶಕಗಳೂ ಕಾಣತೊಡಗಿದ ಮೇಲೆ ಸಹಜ ಅಂಡಾಶಯಗಳೂ 12 ದಾಟತೊಡಗಿದವು. ಅದಕ್ಕೇ 2018ರಲ್ಲಿ ಮಿತಿಯನ್ನು 20ಕ್ಕೆ ಏರಿಸಿದರು. ಯೋನಿಮಾರ್ಗದ ಸ್ಕ್ಯಾನ್‌ನಲ್ಲಿ, 8 ಮೆಗಾಹರ್ಟ್ಸ್ ಒಳಗೊಂಡ ಪ್ರೋಬ್ (ಸ್ಕ್ಯಾನ್ ಮಾಡುವ ಕೈಸಾಧನ) ಬಳಸಿ, ಒಂದಾದರೂ ಅಂಡಾಶಯದಲ್ಲಿ 20 ಅಥವಾ ಹೆಚ್ಚು ಕೋಶಕ ಸಿಗಬೇಕು. ಹೊಟ್ಟೆಯ ಮೇಲಿನಿಂದ ಮಾಡುವಾಗ ಅಥವಾ ಚಿತ್ರ ಅಷ್ಟು ಸ್ಪಷ್ಟವಿಲ್ಲದಾಗ, ಒಂದಾದರೂ ಅಂಡಾಶಯದ ಗಾತ್ರ 10 ಮಿ.ಲೀ. ಅಥವಾ ಹೆಚ್ಚು, ಇಲ್ಲವೇ ಒಂದೇ ಸೀಳುನೋಟದಲ್ಲಿ 10 ಅಥವಾ ಹೆಚ್ಚು ಕೋಶಕ ಇರಬೇಕು. ಇಂದಿಗೂ 12ರ ಮಿತಿಯಲ್ಲೇ ವರದಿ ಬರೆಯುವವರಿದ್ದಾರೆ, ಅನಗತ್ಯ ಹಣೆಪಟ್ಟಿಗಳಲ್ಲಿ ಬಹಳಷ್ಟು ಅಲ್ಲಿಂದಲೇ ಹುಟ್ಟುತ್ತವೆ.

ಗಾತ್ರದ ಲೆಕ್ಕ: ಉದ್ದ × ಅಗಲ × ದಪ್ಪ × 0.523, ಮೂರೂ ಸೆಂಟಿಮೀಟರ್‌ನಲ್ಲಿ. 3.8 × 2.6 × 2.4 ಆದರೆ 12.4 ಮಿ.ಲೀ.; 3.4 × 2.3 × 2.1 ಆದರೆ 8.6. ಮೂರನೆಯ ಅಳತೆಯನ್ನು ಮೊದಲೆರಡಕ್ಕೆ ನೇರ ಅಡ್ಡವಾದ ತಳದಲ್ಲಿ ತೆಗೆಯದಿದ್ದರೆ ಒಂದೆರಡು ಮಿ.ಲೀ. ಸುಲಭವಾಗಿ ಹೆಚ್ಚುಕಮ್ಮಿ ಆಗುತ್ತದೆ. ಮಿತಿಯ ಆಸುಪಾಸಿನಲ್ಲಿ ಅಷ್ಟೇ ಸಾಕು, ನಿರ್ಣಯವೇ ತಿರುಗಿಬಿಡುತ್ತದೆ.

ಅಲ್ಲಿ ಕಾಣುವುದು ನೀರುಗುಳ್ಳೆಗಳಲ್ಲ ಎಂಬುದನ್ನೂ ಹೇಳಬೇಕು. ಅವು ಬೆಳವಣಿಗೆ ಅರ್ಧಕ್ಕೆ ನಿಂತ ಪುಟ್ಟ ಕೋಶಕಗಳು. ಹೆಸರಿನಲ್ಲಿ "ಸಿಸ್ಟ್" ಇರುವುದರಿಂದಲೇ "ಆಪರೇಷನ್ ಮಾಡಿ ತೆಗೆಸಬೇಕಾ" ಎಂಬ ಭಯ ಹುಟ್ಟುವುದು.

ಹೊಸಚಿಗುರು:
ಪಿಸಿಒಡಿ ಬೇರೆ, ಪಿಸಿಒಎಸ್ ಬೇರೆ. ಮೊದಲನೆಯದು ಸೌಮ್ಯ, ಎರಡನೆಯದು ಗಂಭೀರ ಎಂದು ಎಲ್ಲೆಡೆ ಬರೆದಿರುತ್ತಾರಲ್ಲ?

ಗ್ರಂಥಿ:
ಅಂಥ ವಿಂಗಡಣೆ ಯಾವ ಮಾನದಂಡದಲ್ಲೂ ಇಲ್ಲ. ಪಿಸಿಒಡಿ ಹಳೆಯ ಬಳಕೆಯ ಮಾತು, ರೂಢಿಯಲ್ಲಿ ಉಳಿದಿದೆ. ಬೇರ್ಪಡಿಸಲೇಬೇಕಾದದ್ದು ಬೇರೆ: "ಪಾಲಿಸಿಸ್ಟಿಕ್ ರೂಪದ ಅಂಡಾಶಯ" ಸ್ಕ್ಯಾನ್‌ನಲ್ಲಿ ಕಂಡ ನೋಟ, "ಪಿಸಿಒಎಸ್" ನಿರ್ಣಯ.

ಈಗ ಹೆಜ್ಜೆಗಳ ಕ್ರಮ. 2023ರ ಮಾರ್ಗಸೂಚಿಯಲ್ಲಿ ಸ್ಕ್ಯಾನ್ ಇರುವುದು ಕೊನೆಯಲ್ಲಿ. ಮುಟ್ಟು ಅನಿಯಮಿತವಾಗಿದ್ದು, ಪುರುಷ ಹಾರ್ಮೋನ್ ಹೆಚ್ಚಳದ ಗುರುತು ಮೈಮೇಲೆ ಕಂಡರೆ, ಬೇರೆ ಕಾಯಿಲೆ ಇಲ್ಲವೆಂದು ಖಚಿತವಾದ ಕೂಡಲೇ ನಿರ್ಣಯ ಆದಂತೆ. ಸ್ಕ್ಯಾನ್ ಬೇಡ, ಎಎಂಎಚ್ ಬೇಡ. ಮೈಮೇಲೆ ಗುರುತಿಲ್ಲದಿದ್ದರೆ ರಕ್ತದಲ್ಲಿ ಟೆಸ್ಟೋಸ್ಟಿರಾನ್ ನೋಡುವುದು. ಮುಟ್ಟಿನ ಏರುಪೇರು ಮಾತ್ರ ಅಥವಾ ಹಾರ್ಮೋನ್ ಹೆಚ್ಚಳ ಮಾತ್ರ ಸಿಕ್ಕರೆ ಆಗ, ವಯಸ್ಕರಲ್ಲಷ್ಟೇ, ಸ್ಕ್ಯಾನ್ ಅಥವಾ ಎಎಂಎಚ್. ತಿಳಿನೀರು ಅವರ ಉದಾಹರಣೆಯಲ್ಲಿ ಕೊನೆಯ ಹೆಜ್ಜೆಯೇ ಮೊದಲಾಯಿತು, ತೊಡಕು ಶುರುವಾದದ್ದೇ ಅಲ್ಲಿ.

ತಿಳಿನೀರು:
"ಅನಿಯಮಿತ" ಅನ್ನುವುದಕ್ಕೆ ಖಚಿತ ಅಳತೆ ಇದೆಯೇ? ಎರಡು ತಿಂಗಳು ನಾಲ್ಕು ದಿನ ತಡವಾದರೂ ಅದನ್ನೇ ಅನಿಯಮಿತ ಅನ್ನುವುದನ್ನು ಕೇಳಿದ್ದೇನೆ.

ಋತುಮಾನ:
ಇದೆ, ಅದು ಮೊದಲ ಮುಟ್ಟಾಗಿ ಎಷ್ಟು ಕಾಲವಾಯಿತು ಎಂಬುದರ ಮೇಲೆ ನಿಂತಿದೆ. ಮೊದಲ ವರ್ಷ ಏರುಪೇರು ಸಹಜ. ಒಂದರಿಂದ ಮೂರು ವರ್ಷದೊಳಗೆ 21 ದಿನಕ್ಕಿಂತ ಕಡಿಮೆ ಅಥವಾ 45 ದಿನಕ್ಕಿಂತ ಹೆಚ್ಚು ಅಂತರವಿದ್ದರೆ ಅನಿಯಮಿತ. ಮೂರು ವರ್ಷ ಕಳೆದ ಮೇಲೆ, ಮುಟ್ಟು ನಿಲ್ಲುವ ಹಂತ ಹತ್ತಿರವಾಗುವವರೆಗೆ, 21ಕ್ಕಿಂತ ಕಡಿಮೆ ಅಥವಾ 35ಕ್ಕಿಂತ ಹೆಚ್ಚು, ಇಲ್ಲವೇ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಮುಟ್ಟು. ಮೊದಲ ವರ್ಷ ಮುಗಿದವರಲ್ಲಿ ಒಂದೇ ಒಂದು ಚಕ್ರ 90 ದಿನ ದಾಟಿದರೂ ಲೆಕ್ಕಕ್ಕೆ ಬರುತ್ತದೆ. 15 ವರ್ಷವಾದರೂ, ಅಥವಾ ಸ್ತನ ಬೆಳವಣಿಗೆ ಶುರುವಾಗಿ ಮೂರು ವರ್ಷ ಕಳೆದರೂ ಮೈನೆರೆಯದಿದ್ದರೆ ಅದನ್ನೂ ಪರಿಶೀಲಿಸಬೇಕು.

ಎಣಿಸುವಾಗ ಆಗುವ ತಪ್ಪುಗಳು ಎರಡು. ಸ್ರಾವ ನಿಂತ ದಿನದಿಂದ ಎಣಿಸುತ್ತಾರೆ. ಎಣಿಸಬೇಕಾದದ್ದು ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನದರ ಮೊದಲ ದಿನದವರೆಗೆ. ಇನ್ನೊಂದು, ಗರ್ಭನಿರೋಧಕ ಮಾತ್ರೆ ನುಂಗುತ್ತಿರುವಾಗ ತಿಂಗಳಿಗೊಮ್ಮೆ ಬರುವ ಸ್ರಾವವನ್ನು "ಮುಟ್ಟು ಸರಿಯಾಗಿದೆ" ಎಂದು ಬರೆದುಕೊಳ್ಳುವುದು. ಅದು ಮಾತ್ರೆ ನಿಲ್ಲಿಸಿದ್ದಕ್ಕೆ ಬರುವ ಸ್ರಾವ. ಅಂಡೋತ್ಪತ್ತಿಯ ಬಗ್ಗೆ ಅದು ಏನೂ ಹೇಳುವುದಿಲ್ಲ.

ಮುಟ್ಟು ತಿಂಗಳಿಗೊಮ್ಮೆ ಆಗುತ್ತಿದ್ದರೂ ಅಂಡ ಬಿಡುಗಡೆಯಾಗದಿರಬಹುದು. ಸಂದೇಹವಿದ್ದರೆ ಮುಂದಿನ ಮುಟ್ಟಿಗೆ ಸುಮಾರು 7 ದಿನ ಮೊದಲು ಪ್ರೊಜೆಸ್ಟರಾನ್ (ಅಂಡ ಬಿಡುಗಡೆಯಾದ ಮೇಲೆ ಏರುವ ಹಾರ್ಮೋನ್) ನೋಡಬೇಕು, 3 ನ್ಯಾನೊಗ್ರಾಂ/ಮಿ.ಲೀ. ದಾಟಿದ್ದರೆ ಅಂಡೋತ್ಪತ್ತಿ ಆಗಿದೆ. ಎಲ್ಲರಿಗೂ "21ನೇ ದಿನ" ಎಂದು ಬರೆದುಕೊಡುವುದು ತಪ್ಪು. 32 ದಿನದ ಚಕ್ರವಿದ್ದರೆ 25ನೇ ದಿನ ನೋಡಬೇಕು, ಇಲ್ಲದಿದ್ದರೆ ಇರುವ ಅಂಡೋತ್ಪತ್ತಿಯೂ ಇಲ್ಲವೆಂದು ಬರುತ್ತದೆ.

ಹೊಸಚಿಗುರು:
ಮುಖದ ಕೂದಲನ್ನು ಅಳೆಯುವುದು ಹೇಗೆ? ಸ್ವಲ್ಪ ನವಿರು ಕೂದಲು ಎಲ್ಲರಿಗೂ ಇರುತ್ತದಲ್ಲ.

ಗ್ರಂಥಿ:
ನವಿರು ಕೂದಲು ಲೆಕ್ಕಕ್ಕಿಲ್ಲ. ಕತ್ತರಿಸದೆ ಬಿಟ್ಟರೆ 5 ಮಿ.ಮೀ.ಗಿಂತ ಉದ್ದ ಬೆಳೆಯುವ, ಕಪ್ಪಾದ, ಒರಟು ಕೂದಲನ್ನಷ್ಟೇ ಪರಿಗಣಿಸಬೇಕು. ಪರಿಷ್ಕೃತ ಫೆರಿಮನ್-ಗಾಲ್ವೇ ಅಂಕಪಟ್ಟಿಯಲ್ಲಿ ಒಂಬತ್ತು ಜಾಗಗಳಿವೆ: ಮೇಲ್ದುಟಿ, ಗದ್ದ, ಎದೆ, ಹೊಟ್ಟೆಯ ಮೇಲ್ಭಾಗ, ಕೆಳಹೊಟ್ಟೆ, ಬೆನ್ನಿನ ಮೇಲ್ಭಾಗ, ಸೊಂಟದ ಭಾಗ, ಮೇಲ್ತೋಳು, ತೊಡೆ. ಪ್ರತಿಯೊಂದಕ್ಕೂ 0ಯಿಂದ 4, ಒಟ್ಟು 36. ಜನಾಂಗಕ್ಕೆ ತಕ್ಕಂತೆ 4ರಿಂದ 6ರ ನಡುವೆ ಮಿತಿ ಇಟ್ಟುಕೊಳ್ಳುತ್ತಾರೆ. ಹಳೆಯ 8ರ ಮಿತಿಗೆ ಅಂಟಿಕೊಂಡರೆ ಕೂದಲು ಕಡಿಮೆ ಬೆಳೆಯುವ ಜನಾಂಗಗಳ ಮಹಿಳೆಯರು ತಪ್ಪಿಹೋಗುತ್ತಾರೆ.

ತಪಾಸಣೆಗೆ ಬರುವವರಲ್ಲಿ ಹೆಚ್ಚಿನವರು ಕೂದಲನ್ನು ತೆಗೆಸಿಕೊಂಡೇ ಬಂದಿರುತ್ತಾರೆ. ಮುಜುಗರದಿಂದ ಹೇಳುವುದೂ ಇಲ್ಲ. ಕಣ್ಣಿಗೆ ಕಾಣಲಿಲ್ಲವೆಂದು ಸೊನ್ನೆ ಬರೆದರೆ ಅದು ನಮ್ಮ ತಪ್ಪು. ಎಲ್ಲಿ ತೆಗೆಸುತ್ತೀರಿ, ಎಷ್ಟು ದಿನಕ್ಕೊಮ್ಮೆ ಎಂದು ಸಮಾಧಾನವಾಗಿ ಕೇಳಬೇಕು. ಅಳೆಯುವುದೇ ಆದರೆ ಲೇಸರ್ ಬಿಟ್ಟು ಮೂರು ತಿಂಗಳು, ವ್ಯಾಕ್ಸ್ ಬಿಟ್ಟು ನಾಲ್ಕು ವಾರ, ಶೇವ್ ಬಿಟ್ಟು ಐದು ದಿನ ಕಳೆದಿರಬೇಕು. ಹಾಗೆ ಬಿಟ್ಟಿರುವುದು ಕಷ್ಟ ಎಂದವರ ಮಾತನ್ನೇ ಆಧಾರವಾಗಿಟ್ಟುಕೊಂಡರೆ ತಪ್ಪಿಲ್ಲ.

ಮೊಡವೆ ಮಾತ್ರ, ಅಥವಾ ಬೈತಲೆ ಅಗಲವಾಗುವುದು ಮಾತ್ರ ಇದ್ದರೆ ಅದು ದುರ್ಬಲ ಸುಳಿವು. ಜೊತೆಗೆ ರಕ್ತಪರೀಕ್ಷೆ ಬೇಕು.

ಸೀರಂ:
ಪ್ರಯೋಗಾಲಯದ ಕಡೆಯಿಂದ ಹೇಳಬೇಕಾದ್ದು ಸ್ವಲ್ಪ ಹೆಚ್ಚೇ ಇದೆ.

ಮೊದಲು ಒಟ್ಟು ಟೆಸ್ಟೋಸ್ಟಿರಾನ್ ಮತ್ತು ಎಸ್‌ಎಚ್‌ಬಿಜಿ, ಅಂದರೆ ರಕ್ತದಲ್ಲಿ ಟೆಸ್ಟೋಸ್ಟಿರಾನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನ್. ಎರಡರಿಂದ ಮುಕ್ತ ಟೆಸ್ಟೋಸ್ಟಿರಾನ್ ಲೆಕ್ಕ ಹಾಕಬಹುದು, ಇಲ್ಲವೇ ಫ್ರೀ ಆಂಡ್ರೊಜನ್ ಇಂಡೆಕ್ಸ್ ತೆಗೆಯಬಹುದು: ಒಟ್ಟು ಟೆಸ್ಟೋಸ್ಟಿರಾನನ್ನು ಎಸ್‌ಎಚ್‌ಬಿಜಿಯಿಂದ ಭಾಗಿಸಿ 100ರಿಂದ ಗುಣಿಸುವುದು, ಎರಡೂ ನ್ಯಾನೊಮೋಲ್/ಲೀಟರ್‌ನಲ್ಲಿ. ಟೆಸ್ಟೋಸ್ಟಿರಾನ್ ನ್ಯಾನೊಗ್ರಾಂ/ಡೆಸಿಲೀಟರ್‌ನಲ್ಲಿ ಬಂದಿದ್ದರೆ 0.0347ರಿಂದ ಗುಣಿಸಿಕೊಳ್ಳಿ. 52 ಬಂದರೆ 1.8. ಈ 1.8ಕ್ಕೆ ಎಸ್‌ಎಚ್‌ಬಿಜಿ 60 ಇದ್ದರೆ ಇಂಡೆಕ್ಸ್ 3. ಎಸ್‌ಎಚ್‌ಬಿಜಿ 20 ಇದ್ದರೆ 9. ಒಟ್ಟು ಟೆಸ್ಟೋಸ್ಟಿರಾನ್ ಒಂದೇ, ಆದರೆ ಎರಡನೆಯವಳ ದೇಹದಲ್ಲಿ ಮುಕ್ತವಾಗಿ ಓಡಾಡುವ ಭಾಗ ಬಹಳ ಹೆಚ್ಚು. ಇನ್ಸುಲಿನ್ ಏರಿದಾಗ ಯಕೃತ್ತು ಎಸ್‌ಎಚ್‌ಬಿಜಿ ಮಾಡುವುದನ್ನು ಕಡಿಮೆ ಮಾಡುತ್ತದೆ. ಒಟ್ಟು ಟೆಸ್ಟೋಸ್ಟಿರಾನ್ ಮಾತ್ರ ನೋಡಿ "ನಾರ್ಮಲ್" ಎಂದು ಕಳಿಸಿದವರಲ್ಲಿ ಇಂಥವರು ಸೇರಿಹೋಗಿರುತ್ತಾರೆ.

ಮಹಿಳೆಯರ ಟೆಸ್ಟೋಸ್ಟಿರಾನ್ ಮಟ್ಟ ಬಹಳ ಕಡಿಮೆ, ಅಷ್ಟು ಕೆಳಗಿನ ಮಟ್ಟದಲ್ಲಿ ಸಾಮಾನ್ಯ ಇಮ್ಯುನೊಅಸ್ಸೆಗಳು (ಪ್ರತಿಕಾಯ ಬಳಸಿ ಅಳೆಯುವ ಪರೀಕ್ಷೆಗಳು) ತಡವರಿಸುತ್ತವೆ. ಅಣುವಿನ ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೆಟ್ರಿ ಸಿಕ್ಕರೆ ಅದೇ ಒಳ್ಳೆಯದು. "ಫ್ರೀ ಟೆಸ್ಟೋಸ್ಟಿರಾನ್" ಎಂದು ಕಿಟ್‌ನಲ್ಲಿ ನೇರವಾಗಿ ಅಳೆದ ಸಂಖ್ಯೆಯನ್ನು ನಂಬಬೇಡಿ, ಲೆಕ್ಕ ಹಾಕಿದ್ದು ಅದಕ್ಕಿಂತ ಮೇಲು. ಆಂಡ್ರೊಸ್ಟೀನ್‌ಡಯೋನ್ ಮತ್ತು ಡಿಎಚ್‌ಇಎಎಸ್ ಎಂಬ ಇನ್ನೆರಡು ಪುರುಷ ಹಾರ್ಮೋನ್‌ಗಳು ಎರಡನೆಯ ಸಾಲಿನವು. ಟೆಸ್ಟೋಸ್ಟಿರಾನ್ ಏರಿಲ್ಲದಾಗ ಮಾತ್ರ ನೋಡಿ.

ರಕ್ತ ಕೊಡುವ ಮೊದಲು ಎರಡು ವಿಷಯ. ಗರ್ಭನಿರೋಧಕ ಮಾತ್ರೆ ಎಸ್‌ಎಚ್‌ಬಿಜಿ ಏರಿಸುತ್ತದೆ, ಅಂಡಾಶಯದ ಟೆಸ್ಟೋಸ್ಟಿರಾನ್ ಇಳಿಸುತ್ತದೆ. ಹಾಗಾಗಿ ಕನಿಷ್ಠ ಮೂರು ತಿಂಗಳು ಬಿಟ್ಟಿರಬೇಕು, ಆ ಅವಧಿಗೆ ಬೇರೆ ಗರ್ಭನಿರೋಧಕ ಬಳಸಲು ಹೇಳಬೇಕು. ಇನ್ನೊಂದು ಬಯೋಟಿನ್ ಎಂಬ ವಿಟಮಿನ್. ಕೂದಲು ಉದುರುತ್ತದೆಂದು ಎಷ್ಟೋ ಜನ ಅದನ್ನು ನುಂಗುತ್ತಿರುತ್ತಾರೆ. ಬಯೋಟಿನ್-ಸ್ಟ್ರೆಪ್ಟಾವಿಡಿನ್ ಜೋಡಿ ಬಳಸುವ ಯಂತ್ರಗಳಲ್ಲಿ ಅದು ಟೆಸ್ಟೋಸ್ಟಿರಾನನ್ನು ಸುಳ್ಳಾಗಿ ಮೇಲೆ ತೋರಿಸಬಹುದು, ಟಿಎಸ್‌ಎಚ್ (ಥೈರಾಯ್ಡ್ ನಡೆಸುವ ಹಾರ್ಮೋನ್) ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ಎರಡನ್ನೂ ಸುಳ್ಳಾಗಿ ಕೆಳಗೆ ತೋರಿಸಬಹುದು. ಕೂದಲು ತೆಳ್ಳಗಾಗಿದೆ, ಟೆಸ್ಟೋಸ್ಟಿರಾನ್ ಹೆಚ್ಚು, ಥೈರಾಯ್ಡ್ ಸರಿ: ಪಿಸಿಒಎಸ್ ಚಿತ್ರ ಪೂರ್ತಿಯಾದಂತೆ ಕಾಣುತ್ತದೆ, ಆದರೆ ಮೂರರಲ್ಲಿ ಎರಡು ಸಂಖ್ಯೆ ಬಯೋಟಿನ್ ಮಾತ್ರೆಯದ್ದೇ ಆಗಿರಬಹುದು. ಕನಿಷ್ಠ 48 ಗಂಟೆ, ಡೋಸ್ ದೊಡ್ಡದಿದ್ದರೆ ಇನ್ನೂ ಹೆಚ್ಚು ದಿನ ನಿಲ್ಲಿಸಿ ರಕ್ತ ಕೊಡಬೇಕು.

ಹೊಸಚಿಗುರು:
ಅಂಡಾಶಯವನ್ನು ನಡೆಸುವ ಪಿಟ್ಯುಟರಿ ಹಾರ್ಮೋನ್‌ಗಳಾದ ಎಲ್‌ಎಚ್ ಮತ್ತು ಎಫ್‌ಎಸ್‌ಎಚ್ ಅನುಪಾತ 2 ದಾಟಿದರೆ ಪಿಸಿಒಎಸ್ ಎಂಬ ಮಾತು? ಖಾಲಿಹೊಟ್ಟೆಯ ಇನ್ಸುಲಿನ್?

ಸೀರಂ:
ಎರಡೂ ಮಾನದಂಡದಲ್ಲಿಲ್ಲ. ಎಲ್‌ಎಚ್ ಮಿಡಿತಮಿಡಿತವಾಗಿ ಸುರಿಯುವ ಹಾರ್ಮೋನ್, ರಕ್ತ ತೆಗೆದ ಗಳಿಗೆಯ ಮೇಲೆ ಅನುಪಾತ ಬದಲಾಗುತ್ತದೆ.

ಗ್ರಂಥಿ:
ಇನ್ಸುಲಿನ್ ಪ್ರತಿರೋಧ ಈ ಕಾಯಿಲೆಯ ಬೇರಿನಲ್ಲೇ ಇದೆ ನಿಜ, ಆದರೂ ಇನ್ಸುಲಿನ್ ಅಳೆಯುವ ಈಗಿನ ವಿಧಾನಗಳು ಚಿಕಿತ್ಸೆಯ ಮಟ್ಟದಲ್ಲಿ ಭರವಸೆಯವಲ್ಲ. ತೂಕವೂ ಮಾನದಂಡವಲ್ಲ. "ತೆಳ್ಳಗಿದ್ದೀರಿ, ನಿಮಗೆ ಪಿಸಿಒಎಸ್ ಇರಲಾರದು" ಎನ್ನುವುದು ಎಷ್ಟು ತಪ್ಪೋ, ದಪ್ಪಗಿರುವವರ ಮುಟ್ಟು ತಪ್ಪಿದ ಕೂಡಲೇ ಪಿಸಿಒಎಸ್ ಎನ್ನುವುದೂ ಅಷ್ಟೇ ತಪ್ಪು. ಆದರೆ ನಿರ್ಣಯ ಆದ ಮೇಲೆ, ತೂಕ ಎಷ್ಟೇ ಇರಲಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಪರೀಕ್ಷೆ, ಲಿಪಿಡ್, ರಕ್ತದೊತ್ತಡ ನೋಡಲೇಬೇಕು.

ಸೀರಂ:
ಎಎಂಎಚ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಚಿಕ್ಕ ಕೋಶಕಗಳ ಗ್ರಾನುಲೋಸಾ ಜೀವಕೋಶಗಳಿಂದ ಬರುವುದರಿಂದ ಕೋಶಕ ಹೆಚ್ಚಿದ್ದಷ್ಟೂ ಎಎಂಎಚ್ ಹೆಚ್ಚು. ಯೋನಿಮಾರ್ಗದ ಸ್ಕ್ಯಾನ್ ಬೇಡವೆನ್ನುವವರಿಗೆ ಇದು ದೊಡ್ಡ ಅನುಕೂಲ.

ಸ್ಕ್ಯಾನ್‌ಕೋಣೆ:
ಅನುಕೂಲ ಒಪ್ಪುತ್ತೇನೆ. ಆದರೆ ಎಲ್ಲರಿಗೂ ಒಪ್ಪುವ ಒಂದೇ ಮಿತಿ ಇಲ್ಲ. ಕಿಟ್ ಬದಲಾದರೆ ಸಂಖ್ಯೆ ಬದಲಾಗುತ್ತದೆ, ನ್ಯಾನೊಗ್ರಾಂ/ಮಿ.ಲೀ. ಮತ್ತು ಪಿಕೊಮೋಲ್/ಲೀಟರ್ ನಡುವೆ 7.14ರ ಗುಣಕವಿದೆ, ಅದನ್ನು ಗಮನಿಸದೆ ಗಾಬರಿಯಾಗುವವರೂ ಇದ್ದಾರೆ.

ಸೀರಂ:
ಅದು ಸರಿ. ವಯಸ್ಸಾದಂತೆ ಇಳಿಯುತ್ತದೆ, ತೂಕ ಹೆಚ್ಚಿದ್ದರೆ ಕಡಿಮೆ ಬರುತ್ತದೆ, ಗರ್ಭನಿರೋಧಕ ಮಾತ್ರೆ ಮತ್ತು ಅಂಡಾಶಯದ ಶಸ್ತ್ರಚಿಕಿತ್ಸೆಯೂ ಇಳಿಸುತ್ತವೆ. ಹಾಗಾಗಿ ಆಯಾ ಕಿಟ್‌ಗೆ, ವಯಸ್ಸಿಗೆ ತಕ್ಕ ಮಿತಿ ಬೇಕು. ಎಎಂಎಚ್ ಒಂದರಿಂದಲೇ ಪಿಸಿಒಎಸ್ ಎನ್ನುವಂತಿಲ್ಲ; ಮೂರನೆಯ ಕಂಬದ, ಅಂದರೆ ಸ್ಕ್ಯಾನ್‌ನ, ಜಾಗದಲ್ಲಿ ಮಾತ್ರ ಅದಕ್ಕೆ ಸ್ಥಾನ. ಸ್ಕ್ಯಾನ್ ಮತ್ತು ಎಎಂಎಚ್ ಎರಡನ್ನೂ ಮಾಡಿಸಿ "ಯಾವುದಾದರೂ ಒಂದು ಸಿಕ್ಕೀತು" ಎಂದು ಹುಡುಕಲೂ ಬಾರದು. ಒಂದನ್ನು ಆರಿಸಿಕೊಳ್ಳಬೇಕು.

ಎಳೆಯರವಿಭಾಗ:
ಹದಿಹರೆಯದವರ ವಿಷಯ ಯಾರೂ ಎತ್ತಲಿಲ್ಲ. ಅಲ್ಲಿ ಮೂರರಲ್ಲಿ ಎರಡು ಎಂಬ ನಿಯಮವೇ ಇಲ್ಲ. ಮುಟ್ಟಿನ ಏರುಪೇರು ಮತ್ತು ಪುರುಷ ಹಾರ್ಮೋನ್ ಹೆಚ್ಚಳ, ಎರಡೂ ಇರಲೇಬೇಕು. ಸ್ಕ್ಯಾನ್ ಮತ್ತು ಎಎಂಎಚ್ ಎರಡೂ ಬೇಡ. ಆ ವಯಸ್ಸಿನಲ್ಲಿ ಕೋಶಕಗಳು ತುಂಬಿರುವುದೇ ಸಹಜ. ಸಾಮಾನ್ಯ ಮೊಡವೆಯನ್ನೂ ಗುರುತೆಂದು ಎಣಿಸಬಾರದು. ತೀವ್ರವಾದ ಮೊಡವೆ ಅಥವಾ ಒರಟು ಕೂದಲು ಬೇಕು.

ಎರಡರಲ್ಲಿ ಒಂದೇ ಇದ್ದ ಹುಡುಗಿಯನ್ನು "ಅಪಾಯದ ಸಾಧ್ಯತೆ ಇರುವವಳು" ಎಂದು ಗುರುತಿಸಿ, ಲಕ್ಷಣಕ್ಕೆ ಚಿಕಿತ್ಸೆ ಕೊಡುತ್ತಾ, ಮೊದಲ ಮುಟ್ಟಾಗಿ ಎಂಟು ವರ್ಷ ತುಂಬುವ ಹೊತ್ತಿಗೆ ಮತ್ತೆ ಪರಿಶೀಲಿಸಬೇಕು. 14 ವರ್ಷದವಳಿಗೆ ಸ್ಕ್ಯಾನ್ ಮಾಡಿಸಿ ಪಿಸಿಒಡಿ ಎಂದು ಬರೆದುಕೊಟ್ಟರೆ ಅವಳ ಮನೆಯಲ್ಲಿ ಅಂದೇ "ಮುಂದೆ ಮಕ್ಕಳಾಗುತ್ತವೋ ಇಲ್ಲವೋ" ಎಂಬ ಮಾತು ಶುರುವಾಗುತ್ತದೆ. ಆಧಾರವಿಲ್ಲದ ಆ ಭಾರವನ್ನು ಮಗುವಿನ ತಲೆಯ ಮೇಲೆ ಹೊರಿಸುವುದು ದೊಡ್ಡ ಅನ್ಯಾಯ.

ತಿಳಿನೀರು:
"ಬೇರೆ ಕಾಯಿಲೆ ಇಲ್ಲವೆಂದು ಖಚಿತ" ಅಂದಿರಿ. ಅದಕ್ಕೆ ಯಾವ ಪರೀಕ್ಷೆಗಳು?

ಗ್ರಂಥಿ:
ಮುಟ್ಟು ತಪ್ಪಿದ ಯಾರಿಗೇ ಆಗಲಿ ಮೊದಲು ಗರ್ಭಪರೀಕ್ಷೆ. ಆಮೇಲೆ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಎಫ್‌ಎಸ್‌ಎಚ್, ಮತ್ತು ಅಡ್ರಿನಲ್ ಗ್ರಂಥಿಯ ದೋಷ ಹುಡುಕಲು 17-ಹೈಡ್ರಾಕ್ಸಿಪ್ರೊಜೆಸ್ಟರಾನ್.

ಪ್ರೊಲ್ಯಾಕ್ಟಿನ್ ಸ್ವಲ್ಪ ಏರಿದ್ದರೆ ಆರಾಮವಾಗಿ ಕೂರಿಸಿ ಮತ್ತೆ ತೆಗೆಯಿರಿ. ಸೂಜಿಯ ಭಯಕ್ಕೂ ಏರುತ್ತದೆ, ಕೆಲವು ಮಾನಸಿಕ ಕಾಯಿಲೆಯ ಔಷಧಗಳಿಗೂ ಏರುತ್ತದೆ. ಎಫ್‌ಎಸ್‌ಎಚ್ 25 ದಾಟಿದ್ದರೆ ಅಂಡಾಶಯ ಅವಧಿಗೆ ಮೊದಲೇ ಸೋಲುತ್ತಿದೆಯೇ ನೋಡಬೇಕು. 17-ಹೈಡ್ರಾಕ್ಸಿಪ್ರೊಜೆಸ್ಟರಾನನ್ನು ಬೆಳಗ್ಗೆ ಬೇಗ, ಚಕ್ರದ ಮೊದಲ ದಿನಗಳಲ್ಲಿ ತೆಗೆಯಬೇಕು. ಅಂಡೋತ್ಪತ್ತಿಯ ನಂತರ ಅದು ತಾನಾಗಿಯೇ ಏರುವುದರಿಂದ ಆಗ ತೆಗೆದರೆ ದಾರಿ ತಪ್ಪಿಸುತ್ತದೆ. 200 ನ್ಯಾನೊಗ್ರಾಂ/ಡೆಸಿಲೀಟರ್ ದಾಟಿದರೆ ಎಸಿಟಿಎಚ್ ಚುಚ್ಚಿ ಅಡ್ರಿನಲ್‌ನ ಪ್ರತಿಕ್ರಿಯೆ ನೋಡುವ ಪ್ರಚೋದನಾ ಪರೀಕ್ಷೆ. ಅದರಲ್ಲಿ 1000 ದಾಟಿದರೆ ಹುಟ್ಟಿನಿಂದ ಬಂದ ಅಡ್ರಿನಲ್ ಗ್ರಂಥಿಯ ದೋಷದ ಸೌಮ್ಯ ರೂಪ. ಕೂದಲು, ಮುಟ್ಟು, ಮೊಡವೆ ಎಲ್ಲವೂ ಪಿಸಿಒಎಸ್‌ನಂತೆಯೇ ಇರುತ್ತವೆ, ನೋಟದಿಂದ ಬೇರ್ಪಡಿಸಲಾಗದು.

ಅಗಲವಾದ ನೇರಳೆ ಗೆರೆಗಳು, ಸಣ್ಣ ಪೆಟ್ಟಿಗೂ ನೀಲಿಗಟ್ಟುವ ಚರ್ಮ, ಕೂತಲ್ಲಿಂದ ಏಳಲಾಗದ ತೊಡೆಯ ಬಲಹೀನತೆ ಕಂಡರೆ ಕುಶಿಂಗ್ (ದೇಹದಲ್ಲಿ ಕಾರ್ಟಿಸಾಲ್ ಅತಿಯಾಗುವ ಕಾಯಿಲೆ) ಪರೀಕ್ಷೆ: ರಾತ್ರಿ 1 ಮಿ.ಗ್ರಾಂ ಡೆಕ್ಸಾಮೆಥಸೋನ್ ಕೊಟ್ಟು ಬೆಳಗ್ಗೆ ಕಾರ್ಟಿಸಾಲ್. ಕೆಲವೇ ತಿಂಗಳಲ್ಲಿ ಒರಟು ಕೂದಲು ಭರದಿಂದ ಬೆಳೆದು, ಧ್ವನಿ ಗಡುಸಾಗಿ, ಟೆಸ್ಟೋಸ್ಟಿರಾನ್ 200 ನ್ಯಾನೊಗ್ರಾಂ/ಡೆಸಿಲೀಟರ್‌ನ ಹತ್ತಿರ ಹೋದರೆ ಅಂಡಾಶಯ, ಅಡ್ರಿನಲ್‌ಗಳಲ್ಲಿ ಗಡ್ಡೆ ಹುಡುಕಬೇಕು. ಪಿಸಿಒಎಸ್ ಹಾಗೆ ಧಾವಿಸಿ ಬರುವುದಿಲ್ಲ. ವಯಸ್ಸಾಗಿ ಮುಟ್ಟು ನಿಂತ ಮೇಲೆ ಈ ಲಕ್ಷಣಗಳು ಹೊಸದಾಗಿ ಶುರುವಾದರೂ ಅಷ್ಟೇ.

ಋತುಮಾನ:
ಒಂದು ಸೇರಿಸಬೇಕು. ಊಟ ಕಡಿಮೆ ಮಾಡಿ, ವಿಪರೀತ ವ್ಯಾಯಾಮ ಮಾಡಿ, ಅಥವಾ ಒತ್ತಡದಿಂದ ಮುಟ್ಟು ನಿಂತವರು. ಮಿದುಳಿನ ಹೈಪೊಥಲಾಮಸ್ ಸಂಕೇತ ಕಳಿಸುವುದನ್ನೇ ತಗ್ಗಿಸಿರುತ್ತದೆ. ಇವರಲ್ಲಿ ಕೆಲವರ ಅಂಡಾಶಯ ಸ್ಕ್ಯಾನ್‌ನಲ್ಲಿ ಪಾಲಿಸಿಸ್ಟಿಕ್ ರೂಪದಲ್ಲೇ ಕಾಣುತ್ತದೆ. ಮುಟ್ಟಿಲ್ಲ, ಸ್ಕ್ಯಾನ್‌ನಲ್ಲಿ ಕೋಶಕಗಳಿವೆ: ಮೂರರಲ್ಲಿ ಎರಡು ಆಯಿತಲ್ಲ! ಇದೇ ಪಿಸಿಒಎಸ್‌ನ ನಾಲ್ಕನೆಯ ಬಗೆಯ, ಅಂದರೆ ಡಿ ಫಿನೊಟೈಪ್‌ನ ತೊಡಕು.

ಗ್ರಂಥಿ:
ನನ್ನ ಮಟ್ಟಿಗೆ ಡಿ ಬಗೆಯನ್ನು ಬರೆಯುವಾಗ ಕೈ ತಡೆಯಬೇಕು. ಎ ಎಂದರೆ ಮೂರೂ ಇರುವುದು. ಬಿ, ಹಾರ್ಮೋನ್ ಹೆಚ್ಚಳ ಮತ್ತು ಮುಟ್ಟಿನ ಏರುಪೇರು. ಸಿ, ಹಾರ್ಮೋನ್ ಹೆಚ್ಚಳ ಮತ್ತು ಸ್ಕ್ಯಾನ್. ಡಿಯಲ್ಲಿ ಹಾರ್ಮೋನ್ ಹೆಚ್ಚಳವೇ ಇಲ್ಲ. 2012ರ ಎನ್‌ಐಎಚ್ ಕಾರ್ಯಾಗಾರ ಬಗೆಯನ್ನು ಹೆಸರಿಸಿ ಬರೆಯಿರಿ ಎಂದದ್ದೇ ಈ ವ್ಯತ್ಯಾಸ ಮರೆಯಾಗಬಾರದೆಂದು.

ಬೇರ್ಪಡಿಸುವ ದಾರಿ: ಎಲ್‌ಎಚ್ ಮತ್ತು ಈಸ್ಟ್ರಡಯಾಲ್ (ಮುಖ್ಯ ಈಸ್ಟ್ರೊಜೆನ್) ಎರಡೂ ಕೆಳಗೆ, ಗರ್ಭಕೋಶದ ಒಳಪದರ ತೆಳ್ಳಗೆ, ಪ್ರೊಜೆಸ್ಟರಾನ್ ಮಾತ್ರೆ ಕೊಟ್ಟು ನಿಲ್ಲಿಸಿದರೂ ಸ್ರಾವವಿಲ್ಲ, ಇತ್ತೀಚೆಗೆ ತೂಕ ಇಳಿದಿದೆ ಎಂದಾದರೆ ಅದು ಹೈಪೊಥಲಾಮಸ್ ಕಡೆಯದು. ಅನುಪಾತವಾಗಿ ಬೇಡವೆಂದ ಎಲ್‌ಎಚ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಈ ವ್ಯತ್ಯಾಸ ತಪ್ಪಿದರೆ ಊಟ ಸಾಲದೆ ಮುಟ್ಟು ನಿಂತವಳಿಗೆ "ತೂಕ ಇಳಿಸಿ, ಅನ್ನ ಬಿಡಿ" ಎಂದು ಹೇಳಿ ಕಳಿಸಿದಂತಾಗುತ್ತದೆ. ಅವಳ ಮೂಳೆಗಳು ಆ ತಪ್ಪಿನ ಬೆಲೆ ತೆರುತ್ತವೆ.

ಋತುಮಾನ:
ಒಪ್ಪಿದೆ. ಹಾಗೆಂದು ನಿಜವಾದ ಡಿ ಬಗೆಯವರನ್ನು ಕೈಬಿಡಬಾರದು. ಪ್ರೊಜೆಸ್ಟರಾನ್ ಇಲ್ಲದೆ ಈಸ್ಟ್ರೊಜೆನ್ ಒಂದೇ ತಿಂಗಳುಗಟ್ಟಲೆ ಒಳಪದರವನ್ನು ಬೆಳೆಸುತ್ತಿದ್ದರೆ ಅದಕ್ಕೆ ರಕ್ಷಣೆ ಬೇಕೇ ಬೇಕು. ಮುಟ್ಟಿನ ಅಂತರ 90 ದಿನ ದಾಟಲು ಬಿಡಬೇಡಿ.

ತಿಳಿನೀರು:
ಮೊದಲ ಉದಾಹರಣೆಗೆ ಮರಳುತ್ತೇನೆ. 26 ವರ್ಷದ ಆ ಮಹಿಳೆಗೆ ಈಗ ಟೆಸ್ಟೋಸ್ಟಿರಾನ್ ಮಾಡಿಸಬೇಕೇ?

ಸೀರಂ:
ಸಿ ಬಗೆ ರಕ್ತದಲ್ಲಿ ಮಾತ್ರ ಸಿಗುವ ಸಾಧ್ಯತೆ ಇರುವುದರಿಂದ, ಕಟ್ಟುನಿಟ್ಟಾಗಿ ನೋಡಿದರೆ ಮಾಡಿಸಬಹುದು.

ಋತುಮಾನ:
ನಾನು ಮಾಡಿಸುವುದಿಲ್ಲ. ಮುಟ್ಟು ಸರಿ, ಮೈಮೇಲೆ ಗುರುತಿಲ್ಲ, ಸ್ಕ್ಯಾನ್‌ನ ಅಳತೆಯೇ ಬಿದ್ದುಹೋಯಿತು. ಕೂದಲು ತೆಗೆಸುತ್ತಾರೆಯೇ ಎಂದು ಒಮ್ಮೆ ಕೇಳಿ, ಇಲ್ಲವೆಂದರೆ ಅಲ್ಲಿಗೆ ಮುಗಿಯಿತು. ಮುಂದೆ ಚಕ್ರ 35 ದಿನ ದಾಟತೊಡಗಿದರೆ ಬರಲಿ.

ಸ್ಕ್ಯಾನ್‌ಕೋಣೆ:
ಆ ವರದಿಯನ್ನು ನಾನು ಬರೆಯುತ್ತಿದ್ದರೆ ಹೀಗೆ ಬರೆಯುತ್ತಿದ್ದೆ: "ಹೊಟ್ಟೆಯ ಮೂಲಕ ಸ್ಕ್ಯಾನ್, ಚಕ್ರದ 13ನೇ ದಿನ. ಬಲ ಅಂಡಾಶಯ 11 ಮಿ.ಲೀ., 18 ಮಿ.ಮೀ. ಪ್ರಧಾನ ಕೋಶಕ ಸೇರಿ. ಎಡ ಅಂಡಾಶಯ 9 ಮಿ.ಲೀ. ಸಣ್ಣ ಕೋಶಕಗಳ ಎಣಿಕೆ ಈ ಮಾರ್ಗದಲ್ಲಿ ಸಾಧ್ಯವಾಗಿಲ್ಲ. ಪಾಲಿಸಿಸ್ಟಿಕ್ ರೂಪವನ್ನು ಈ ಸ್ಕ್ಯಾನ್‌ನಿಂದ ನಿರ್ಧರಿಸಲಾಗದು." ಮೂರು ಅಳತೆ, ಗಾತ್ರ, ಪ್ರೋಬ್‌ನ ಆವರ್ತನ, ಕಡೆಯ ಮುಟ್ಟಿನ ದಿನಾಂಕ, ಒಳಪದರದ ದಪ್ಪ ಇಷ್ಟೂ ಇರಬೇಕು. ಪಿಸಿಒಡಿ ಎಂಬ ಮಾತು ಅದರಲ್ಲಿ ಎಲ್ಲೂ ಬೇಕಿಲ್ಲ.